ಹದಿನೈದು ನಿಮಿಷಕ್ಕೇ ಕೊನೆ ಗೊತ್ತಾದರೆ ಸಿನಿಮಾ ಕೆಟ್ಟದ್ದಾ?

ಪ್ರಶ್ನೆ: ಸರ್, ನಾನು ಗಂಗಾವತಿಯವನು, ಅಕ್ಕಿ ವ್ಯಾಪಾರ. ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ಹೋದ ವಾರ ಅವಳ ಜೊತೆ ಕೂತು 'ಸ್ಟೆಪ್ ಅಪ್' ಅನ್ನೋ ಇಂಗ್ಲಿಷ್ ಡ್ಯಾನ್ಸ್ ಸಿನಿಮಾ ನೋಡಿದೆ, 2006ರದ್ದು. ಶುರುವಾಗಿ ಹದಿನೈದು ನಿಮಿಷಕ್ಕೇ ಮುಂದಿನ ಕಥೆ ಪೂರ್ತಿ ಹೇಳಿಬಿಟ್ಟೆ. ಹಾಗೇ ಆಯ್ತು. ಮಗಳಿಗೆ ಸಿಟ್ಟು ಬಂದು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನೆಟ್‌ನಲ್ಲಿ ನೋಡಿದರೆ ಕೆಲವರು 'ಗೊತ್ತಿರೋ ಕಥೆ, ಟೈಮ್ ವೇಸ್ಟ್' ಅಂತಾರೆ, ಕೆಲವರು ಹತ್ತು ಸಲ ನೋಡಿದ್ದೀನಿ ಅಂತಾರೆ. ಯಾರ ಮಾತು ನಂಬೋದು? ಇದರ ಮೇಲೆ ಅವಳು ಡ್ಯಾನ್ಸ್ ಕ್ಲಾಸ್ ಸೇರ್ತೀನಿ ಅಂತ ಹಠ ಬೇರೆ ಹಿಡಿದಿದ್ದಾಳೆ.

ಉತ್ತರ: ನೋಡ್ರಿ ಸಾಹೇಬ್ರೇ, ನೀವು ಹೇಳಿದ ಕಥೆ ಸರಿಯಾಗೇ ಇತ್ತು. ಹೇಳಿದ ಹೊತ್ತು ಸರಿ ಇರಲಿಲ್ಲ. ಊರ ಬಯಲಾಟದಲ್ಲಿ ಹಿಂದೆ ಕೂತವನೊಬ್ಬ 'ಈಗ ಭೀಮ ಇವನ ತೊಡೆ ಮುರೀತಾನೆ ನೋಡು' ಅಂತ ಪಕ್ಕದವರಿಗೆಲ್ಲ ಹೇಳ್ತಾ ಕೂತರೆ ಏನು ಮಾಡ್ತಾರೆ? ಎಬ್ಬಿಸಿ ಕಳಿಸ್ತಾರೆ. ಅವನು ಹೇಳೋದು ಎಲ್ಲರಿಗೂ ಗೊತ್ತಿರೋದೇ, ಆದರೂ ಕಳಿಸ್ತಾರೆ. ನಿಮ್ಮ ಮಗಳು ಎರಡು ದಿನ ಮಾತು ಬಿಟ್ಟದ್ದು ಕಡಿಮೆಯೇ ಆಯ್ತು ಅನ್ನಿ.

ನಾನು ಬಳ್ಳಾರಿಯಲ್ಲಿ ಡ್ಯಾನ್ಸ್ ಮಾಸ್ತರು. ಶಾಲೆಯ ಗ್ಯಾದರಿಂಗ್‌ನಿಂದ ಹಿಡಿದು ಮದುವೆ ಸಂಗೀತದವರೆಗೆ ಎಲ್ಲಕ್ಕೂ ಹುಡುಗರನ್ನು ತಯಾರು ಮಾಡಿದ್ದೀನಿ. ಸಿನಿಮಾದ ಹುಚ್ಚು ಮೊದಲಿನಿಂದ. ಹಾಗಾಗಿ ಈ ಪ್ರಶ್ನೆ ನನಗೆ ಹೊಸದಲ್ಲ, ಇದೇ ಸಿನಿಮಾ ಇಟ್ಟುಕೊಂಡೇ ನನ್ನ ಕ್ಲಾಸಿನಲ್ಲಿ ಒಂದು ಸಲ ದೊಡ್ಡ ಜಗಳ ಆಗಿದೆ. ಅದನ್ನು ಆಮೇಲೆ ಹೇಳ್ತೀನಿ.

ಓದೋರಲ್ಲಿ ಸಿನಿಮಾ ನೋಡದವರೂ ಇರ್ತಾರೆ, ಕಥೆ ನಾಲ್ಕು ಮಾತಿನಲ್ಲಿ ಹೇಳಿಬಿಡ್ತೀನಿ. ಅಮೆರಿಕದ ಬಾಲ್ಟಿಮೋರ್ ಊರು. ಟೈಲರ್ ಅಂತ ಒಬ್ಬ ಪುಂಡ ಹುಡುಗ, ಗೆಳೆಯರ ಜೊತೆ ಒಂದು ಕಲಾಶಾಲೆಯ ರಂಗಮಂದಿರಕ್ಕೆ ನುಗ್ಗಿ ಸಾಮಾನೆಲ್ಲ ಒಡೆದು ಹಾಕ್ತಾನೆ. ಕೋರ್ಟು ಅವನಿಗೆ ಅದೇ ಶಾಲೆಯಲ್ಲಿ 200 ಗಂಟೆ ಕಸ ಗುಡಿಸೋ ಕೆಲಸದ ಶಿಕ್ಷೆ ಕೊಡುತ್ತೆ. ಅಲ್ಲಿ ನೋರಾ ಅಂತ ಬ್ಯಾಲೆ, ಅಂದರೆ ಯುರೋಪಿನ ಶಾಸ್ತ್ರೀಯ ಕುಣಿತ, ಕಲಿಯೋ ಹುಡುಗಿ. ವರ್ಷದ ಕೊನೆಗೆ ದೊಡ್ಡ ಪ್ರದರ್ಶನ ಇದೆ, ಅವಳ ಜೊತೆ ಕುಣಿಯಬೇಕಾದವನ ಕಾಲು ಉಳುಕಿದೆ. ಟೈಲರ್ ಪಾರ್ಕಿಂಗ್ ಜಾಗದಲ್ಲಿ ಸುಮ್ನೆ ಕುಣಿಯೋದನ್ನ ಅವಳು ಕಿಟಕಿಯಿಂದ ನೋಡ್ತಾಳೆ. ಮುಂದಿನದು ನೀವೇ ಹೇಳಿದಿರಲ್ಲ. ತಾಲೀಮು, ಸಲಿಗೆ, ಪ್ರೀತಿ, ಮುನಿಸು, ಅವನು ಬಿಟ್ಟು ಹೋಗೋದು, ಕೊನೇ ಗಳಿಗೆಯಲ್ಲಿ ಓಡಿ ಬರೋದು, ಸ್ಟೇಜು, ಚಪ್ಪಾಳೆ.

ಇದನ್ನು ಕಂಡುಹಿಡಿಯೋಕೆ ಜಾಣತನ ಏನೂ ಬೇಕಾಗಿಲ್ಲ, ನಮ್ಮ ಬಳ್ಳಾರಿ ಕಡೆಯವರು ಕನ್ನಡದ ಜೊತೆ ತೆಲುಗು ಸಿನಿಮಾನೂ ನೋಡಿ ಬೆಳೆದವರು, ಬಡ ಹುಡುಗ ಸಾಹುಕಾರ ಹುಡುಗಿ ಕಥೆ ಎರಡು ಭಾಷೆಯಲ್ಲೂ ಎಷ್ಟು ಸಲ ನೋಡಿದ್ದೀವೋ ಲೆಕ್ಕ ಇಟ್ಟವರಿಲ್ಲ.

ಇಂಥ ಸಿನಿಮಾಗಳೆಲ್ಲ ಯಾಕೆ ಒಂದೇ ಥರ ಇರ್ತವೆ ಅಂತ ಯೋಚನೆ ಮಾಡಿದ್ದೀರಾ? ಬರೆಯೋರ ಸೋಮಾರಿತನ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಈ ಕಥೆ ಬರೆದ ಡ್ಯುವಾನ್ ಆಡ್ಲರ್ ಅನ್ನೋರೇ ಐದು ವರ್ಷ ಮೊದಲು, 2001ರಲ್ಲಿ, ಬ್ಯಾಲೆ ಹುಡುಗಿಯೊಬ್ಬಳು ಶಿಕಾಗೋಗೆ ಬಂದು ಹಿಪ್-ಹಾಪ್ ಕುಣಿಯೋ ಹುಡುಗನಿಂದ ಕಲಿಯೋ ಸಿನಿಮಾಕ್ಕೂ ಕಥೆ ಬರೆದಿದ್ದರು. ಅದು ಓಡಿತು. ಓಡಿದ ಗಾಡಿಗೆ ಬಣ್ಣ ಬದಲಿಸಿ ಮತ್ತೆ ರಸ್ತೆಗೆ ಬಿಟ್ಟರು ಅಷ್ಟೆ.

ಆದರೆ ಡ್ಯಾನ್ಸಿನ ಒಳಗೇ ಒಂದು ಕಾರಣ ಇದೆ, ಅದು ಕಲಿಸೋರಿಗೆ ಚೆನ್ನಾಗಿ ಗೊತ್ತಿರುತ್ತೆ. ನಾಲ್ಕು ನಿಮಿಷ ಕುಣಿಯೋಕೆ ನಾಲ್ಕು ವಾರ ತಾಲೀಮು ಬೇಕು. ತಾಲೀಮು ಅಂದಮೇಲೆ ಒಂದು ತಾರೀಖು ಬೇಕು, ಇಲ್ಲಾಂದ್ರೆ ಯಾರೂ ಬೆವರು ಹರಿಸಲ್ಲ. ತಾರೀಖು ಇದ್ದಮೇಲೆ ಆ ದಿನ ಕುಣಿಯಲೇಬೇಕು. ಊರ ಜಾತ್ರೆಗೆ ಆಟ ಆಡ್ತೀವಿ ಅಂತ ಒಂದು ಸಲ ಹಿರಿಯರ ಮುಂದೆ ಒಪ್ಪಿಕೊಂಡರೆ, ಅರ್ಜುನನ ಪಾರ್ಟಿನವನಿಗೆ ಜ್ವರ ಬಂದರೂ ಆಟ ನಿಲ್ಲಲ್ಲ, ಅಲ್ವಾ? ಡ್ಯಾನ್ಸ್ ಸಿನಿಮಾದಲ್ಲೂ ಅಷ್ಟೇ. ಕೊನೆಗೆ ಸ್ಟೇಜು ಬಂದೇ ಬರುತ್ತೆ. ನೋಡೋರು ಅದಕ್ಕೇ ಕಾಯ್ತಾ ಇರ್ತಾರೆ, ಅದು ಬರದಿದ್ದರೆ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ. ಇನ್ನು ಪ್ರೀತಿ. ಇಬ್ಬರು ಹದಿನೆಂಟರ ಹುಡುಗ ಹುಡುಗಿ ದಿನಾ ಸಂಜೆ ಕೈ ಹಿಡಿದು, ಸೊಂಟ ಹಿಡಿದು, ಮೇಲಕ್ಕೆ ಎತ್ತಿ, ಬೀಳದ ಹಾಗೆ ಇಳಿಸಬೇಕು. ಎತ್ತುವವನ ಮೇಲೆ ನಂಬಿಕೆ ಇಲ್ಲದಿದ್ದರೆ ಮೈ ಬಿಗಿಯಾಗುತ್ತೆ, ಮೈ ಬಿಗಿಯಾದರೆ ಎತ್ತೋಕಾಗಲ್ಲ. ಅಂದಮೇಲೆ ಕಥೆ ಎಲ್ಲಿಗೆ ಹೋಗುತ್ತೆ, ಇನ್ನೆಲ್ಲಿಗೂ ದಾರಿ ಇಲ್ಲ.

ಹೀಗಾಗಿ ಕೊನೆ ಮೊದಲೇ ಗೊತ್ತಾಯ್ತು ಅನ್ನೋದನ್ನ ನಾನು ದೊಡ್ಡ ದೋಷ ಅಂತ ಎಣಿಸಲ್ಲ. ನಮ್ಮ ಕಡೆ ದೊಡ್ಡಾಟ ಹೇಗೆ ನಡೆಯುತ್ತೆ ನೆನಪು ಮಾಡಿಕೊಳ್ಳಿ. ತೆರೆ ಹಿಂದೆ ಗೆಜ್ಜೆ ಸದ್ದು ಕೇಳುತ್ತೆ, ಕಿರೀಟ ಭುಜಕೀರ್ತಿ ಕಾಣುತ್ತೆ. ಆಟ ನಡೆಸಿಕೊಡೋ ಸಾರಥಿ ಬಂದು ತಾವು ಯಾರು, ಎಲ್ಲಿಂದ ಬಂದಿರಿ ಅಂತ ವಿಚಾರಿಸ್ತಾನೆ. ಅವನು ದುರ್ಯೋಧನ ಅಂತ ಸಾರಥಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಅಷ್ಟೇ ಯಾಕೆ, ಅವನು ಊರ ಟೇಲರು ಅಂತಲೂ ಗೊತ್ತು. ಬೆಳಗಿನ ಹೊತ್ತಿಗೆ ಸಾಯ್ತಾನೆ ಅಂತಲೂ ಗೊತ್ತು. ಆದರೂ ಕಂಬಳಿ ಹೊದ್ದು ಕೋಳಿ ಕೂಗೋವರೆಗೆ ಕೂರ್ತಾರೆ, ಯಾಕಂದ್ರೆ ಅವರು ನೋಡೋದು ಅವನ ಹೆಜ್ಜೆ. ಹಲಗೆ ಮೇಲೆ ಕಾಲು ಬಿದ್ದಾಗ ಮದ್ದಳೆ ಜೊತೆ ಕೂಡಿತಾ, ತಪ್ಪಿತಾ? ಹೋದ ವರ್ಷದವನಿಗಿಂತ ಚೆನ್ನಾಗಿದ್ದಾನಾ? ಚೆನ್ನಾಗಿದ್ದರೆ ಎದ್ದು ಹೋಗಿ ಎದೆಗೆ ನೋಟು ಪಿನ್ ಮಾಡಿ ಬರ್ತಾರೆ. ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಅಜ್ಜಿ ಜೀವನವಿಡೀ ತೊಗಲುಗೊಂಬೆ ಹಿಡಿದು ಆಡಿಸಿದ್ದು ರಾಮಾಯಣ ಮಹಾಭಾರತವನ್ನೇ. ರಾವಣ ಸಾಯ್ತಾನೆ ಅಂತ ಮೊದಲೇ ಗೊತ್ತಿತ್ತು ಅಂತ ಯಾರಾದರೂ ಎದ್ದು ಹೋಗಿದ್ದರಾ?

ಇದನ್ನು ಹೇಳಿ ಸಿನಿಮಾವನ್ನು ಸುಮ್ನೆ ಬಚಾವ್ ಮಾಡ್ತಿದ್ದೀನಿ ಅನ್ಕೋಬೇಡಿ. ಈ ಮಾತಿಗೆ ಇನ್ನೊಂದು ಮಗ್ಗಲು ಇದೆ. ಕಥೆ ಗೊತ್ತಿರೋದೇ ಆದರೆ ಕುಣಿತ ಗಟ್ಟಿ ಇರಬೇಕು. ಆಟದವನ ಹೆಜ್ಜೆ ಸಡಿಲ ಇದ್ದರೆ ಜನ ಅಲ್ಲೇ ಮಲಗ್ತಾರೆ.

ಇಲ್ಲಿ ಕುಣಿತ ಹೇಗಿದೆ? ನಿರ್ದೇಶಕಿ ಆ್ಯನ್ ಫ್ಲೆಚರ್‌ಗೆ ಇದು ಮೊದಲ ಸಿನಿಮಾ, ಅದಕ್ಕೂ ಮೊದಲು ಅವರು ಡ್ಯಾನ್ಸ್ ಕಂಪೋಸ್ ಮಾಡ್ತಿದ್ದವರು. ಅದು ಕ್ಯಾಮೆರಾದಲ್ಲಿ ಕಾಣುತ್ತೆ. ಹೀರೋ ಚಾನಿಂಗ್ ಟೇಟಮ್ ಕ್ಲಾಸಿಗೆ ಹೋಗಿ ಕಲಿತವನಲ್ಲ, ಹಾಗೇ ಕುಣಿದು ಬೆಳೆದವನು. ಹೀರೋಯಿನ್ ಜೆನ್ನಾ ದಿವಾನ್ ಜಾನೆಟ್ ಜಾಕ್ಸನ್ ಅಂಥ ದೊಡ್ಡ ಗಾಯಕಿಯ ಹಿಂದೆ ಕುಣಿದು ಪಳಗಿದವಳು. ಅಂದರೆ ಕಥೆಯಲ್ಲಿ ಏನಿದೆಯೋ ಅದೇ ಅವರಿಬ್ಬರ ಮೈಯಲ್ಲೂ ಇದೆ, ಒಬ್ಬ ಬೀದಿಯವನು, ಒಬ್ಬಳು ಶಿಸ್ತಿನವಳು. ಇಬ್ಬರೂ ತಾವೇ ಕುಣಿದಿದ್ದಾರೆ. ಇದು ಸಣ್ಣ ಮಾತಲ್ಲ. 1983ರಲ್ಲಿ ಬಂದು ಪ್ರಪಂಚವೆಲ್ಲ ಓಡಿದ 'ಫ್ಲ್ಯಾಶ್‌ಡ್ಯಾನ್ಸ್' ಸಿನಿಮಾದಲ್ಲಿ ಹೀರೋಯಿನ್ ಬದಲು ಹೆಚ್ಚಿನ ಕುಣಿತ ಕುಣಿದದ್ದು ಮರೀನ್ ಜಹಾನ್ ಅನ್ನೋ ಬೇರೆ ಹುಡುಗಿ, ಬೆನ್ನ ಮೇಲೆ ಗಿರಕಿ ಹೊಡೆಯೋದಕ್ಕೆ ಒಬ್ಬ ಗಂಡು ಹುಡುಗನೇ ವಿಗ್ ಹಾಕಿಕೊಂಡು ಬಂದಿದ್ದ. ಬೇರೆಯವರು ಕುಣಿದಾಗ ಮುಖ ಮರೆಸಬೇಕು. ಮುಖ ಮರೆಸೋಕೆ ಶಾಟ್ ತುಂಡು ತುಂಡು ಮಾಡಬೇಕು. ಕಾಲು ಒಂದು ಕಡೆ, ತಲೆ ಒಂದು ಕಡೆ. ಹಳೇ ಕಾಲದ ಹಾಲಿವುಡ್ ಡ್ಯಾನ್ಸ್ ಹೀರೋ ಫ್ರೆಡ್ ಆಸ್ಟೇರ್ ಇದಕ್ಕೆ ಒಪ್ಪುತ್ತಲೇ ಇರಲಿಲ್ಲ, ತಲೆಯಿಂದ ಕಾಲುಗುರಿನವರೆಗೆ ಪೂರ್ತಿ ಮೈ ಕಾಣಬೇಕು, ಮಧ್ಯೆ ಕತ್ತರಿ ಆದಷ್ಟು ಕಡಿಮೆ ಇರಬೇಕು ಅಂತ ಹಟ ಹಿಡಿದು ಶೂಟಿಂಗ್ ಮಾಡಿಸ್ತಿದ್ದರು. ಅವರ 1930ರ ದಶಕದ ಕಪ್ಪು ಬಿಳುಪು ಹಾಡು ಯಾವುದಾದರೂ ಒಂದು ಹಾಕಿ ನೋಡಿ, ಅದರ ಪಕ್ಕ ಈಗಿನ ಯಾವುದೇ ಹಾಡು ಇಟ್ಟು ನೋಡಿ, ಗೊತ್ತಾಗುತ್ತೆ.

ನೀವು ಮುಂದಿನ ಸಲ ಡ್ಯಾನ್ಸ್ ಸಿನಿಮಾ ನೋಡುವಾಗ ಕಥೆ ಊಹಿಸೋದು ಬಿಟ್ಟು ಒಂದೇ ಒಂದು ಕೆಲಸ ಮಾಡಿ. ಕಾಲು ನೋಡಿ. ಕಾಲು ಕಾಣ್ತಾ ಇದೆಯಾ, ಎಷ್ಟು ಹೊತ್ತು ಕಾಣುತ್ತೆ? ಎದೆಯಿಂದ ಮೇಲೆ ಮಾತ್ರ ತೋರಿಸಿ, ಕೂದಲು ಹಾರಿಸಿ, ಹೊಗೆ ಬಿಟ್ಟು, ಲೈಟು ಹೊಡೆದು ಮುಗಿಸ್ತಿದ್ದಾರೆ ಅಂದ್ರೆ ಅಲ್ಲಿ ಕುಣಿತ ಇಲ್ಲ ಅಂತ ತಿಳ್ಕೊಳ್ಳಿ. ಈ ಸಿನಿಮಾ ಆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಅಲ್ಲದಿದ್ದರೂ ಆರಾಮಾಗಿ ಪಾಸು. ನನಗೆ ಇಷ್ಟವಾದದ್ದು ಕೊನೆಯ ದೊಡ್ಡ ಸ್ಟೇಜ್ ಡ್ಯಾನ್ಸಿಗಿಂತ, ಟೈಲರ್‌ನನ್ನು ಪುಟಾಣಿ ಹೆಣ್ಣು ಮಕ್ಕಳ ಬ್ಯಾಲೆ ಕ್ಲಾಸಿನಲ್ಲಿ ನಿಲ್ಲಿಸೋ ಜಾಗ. ಆಳು ಎಮ್ಮೆಯ ಹಾಗೆ ಇದ್ದಾನೆ, ಸುತ್ತ ಮೊಣಕಾಲುದ್ದದ ಮಕ್ಕಳು, ಅವರಿಗೆ ಬರೋದು ಇವನಿಗೆ ಬರಲ್ಲ. ಕಲಿಸೋನಿಗೆ ಆ ಮುಖ ಚೆನ್ನಾಗಿ ಗೊತ್ತು. ದೊಡ್ಡವರು ಕಲಿಯೋಕೆ ಬಂದಾಗ ಮೊದಲ ವಾರ ಎಲ್ಲರಿಗೂ ಅದೇ ಮುಖ.

ಈಗ ದೂರು. ಒಂದು, ಹುಡುಗಿ ಹೆಸರಿಗೆ ಬ್ಯಾಲೆಯವಳು. ಕುಣಿಯೋದು ನೋಡಿದರೆ ಬ್ಯಾಲೆ ಅನ್ನೋದು ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪಿನ ಹಾಗೆ, ಒಳಗಿರೋದೆಲ್ಲ ಈಗಿನ ಕಾಲದ ಬೇರೆ ಕುಣಿತ. ಎರಡು ಕುಣಿತ ಸೇರಿ ಮೂರನೇದು ಹುಟ್ಟಿತು ಅಂತ ಸಿನಿಮಾ ಹೇಳುತ್ತೆ, ನನಗೆ ಹಾಗೆ ಕಾಣಲಿಲ್ಲ. ಇನ್ನೊಂದು ದೂರು ದೊಡ್ಡದು. ನಡುವೆ ಹೀರೋನ ಗೆಳೆಯನ ತಮ್ಮನಿಗೆ, ಇನ್ನೂ ಚಿಕ್ಕ ಹುಡುಗ, ಗುಂಡು ಬಿದ್ದು ಸಾಯ್ತಾನೆ. ಅಲ್ಲಿವರೆಗೆ ಹಗುರವಾಗಿ ಹೋಗ್ತಿದ್ದ ಸಿನಿಮಾ ತಟ್ಟನೆ ಕಣ್ಣೀರಿಗೆ ಇಳಿಯುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಡ್ಯಾನ್ಸಿಗೆ ಓಡುತ್ತೆ. ಒಬ್ಬ ಹುಡುಗನನ್ನ ಸಾಯಿಸಿ ಹೀರೋಗೆ ಬುದ್ಧಿ ಬರಿಸೋದು ನನಗೆ ಸೇರಲ್ಲ. ಕಥೆ ಗೊತ್ತಾಗಿಬಿಡುತ್ತೆ ಅಂತ ಹೆದರಿ ಹೀಗೆ ಮಾಡಿದ್ದಾರೆ ಅನ್ಸುತ್ತೆ. ಯಾರೂ ಊಹಿಸದೇ ಇದ್ದ ಅದೊಂದೇ ಜಾಗ ಇಡೀ ಸಿನಿಮಾದಲ್ಲಿ ಬಡವಾದ ಜಾಗ. ಇದನ್ನು ನೋಡಿದಮೇಲೆ 'ಗೊತ್ತಿರೋ ಕಥೆ' ಅಂತ ಬೈಯೋರ ಮೇಲೆ ನನಗೆ ಇನ್ನೂ ಅನುಮಾನ ಜಾಸ್ತಿ ಆಯ್ತು.

ನೆಟ್‌ನಲ್ಲಿ ಬರೆಯೋರ ವಿಷಯ ಕೇಳಿದಿರಿ. ರಾಟನ್ ಟೊಮ್ಯಾಟೋಸ್ ಅಂತ ಸಿನಿಮಾ ವಿಮರ್ಶೆಗಳನ್ನೆಲ್ಲ ಒಟ್ಟುಹಾಕೋ ಒಂದು ವೆಬ್‌ಸೈಟ್ ಇದೆ, ಅಲ್ಲಿ ವಿಮರ್ಶಕರ ಪೈಕಿ ಈ ಸಿನಿಮಾ ಮೆಚ್ಚಿದವರು ಸುಮಾರು ಐವರಲ್ಲಿ ಒಬ್ಬರು. ಜನರ ಪೈಕಿ ಮೆಚ್ಚಿದವರು ಸುಮಾರು ಐವರಲ್ಲಿ ನಾಲ್ವರು. ಇದನ್ನ ನಮ್ಮವರು ತಪ್ಪಾಗಿ ಓದ್ತಾರೆ. 20 ಪರ್ಸೆಂಟ್ ಅಂದ್ರೆ ನೂರಕ್ಕೆ ಇಪ್ಪತ್ತು ಮಾರ್ಕ್ಸ್ ಅಲ್ಲ. ಅದು ಕೈ ಎತ್ತಿದವರ ಲೆಕ್ಕ. 'ಪರವಾಗಿಲ್ಲ, ಆದರೆ ಹೊಸದೇನಿಲ್ಲ' ಅಂತ ನಡುಮಧ್ಯದ ಮಾತು ಬರೆದವರೂ ಹೌದು, ಇಲ್ಲ ಎರಡರಲ್ಲಿ ಒಂದು ಕಡೆಗೆ ಸೇರಲೇಬೇಕು. ಆಮೇಲೆ ಇನ್ನೊಂದು. ವಿಮರ್ಶಕ ವಾರಕ್ಕೆ ನಾಲ್ಕೈದು ಸಿನಿಮಾ ನೋಡೋನು, ಅವನ ಬಾಯಿಗೆ ಇದೇ ರುಚಿ ಸಾವಿರ ಸಲ ಬಿದ್ದಿದೆ. ನೀವೂ ಅಷ್ಟೇ, ಚಿಕ್ಕಂದಿನಿಂದ ಟಾಕೀಸಿಗೆ ಹೋದವರು. ಮಗಳಿಗೆ ಹದಿನೆಂಟು. ಕೊನೇ ಗಳಿಗೆಯಲ್ಲಿ ಹುಡುಗ ಓಡಿ ಬರೋದು ನಿಮಗೆ ನೂರನೇ ಸಲ, ಅವಳಿಗೆ ಮೂರನೆಯದೋ ನಾಲ್ಕನೆಯದೋ. ಹಾಗಾಗಿ ಒಬ್ಬರು 'ಎಲ್ಲ ಮೊದಲೇ ಗೊತ್ತಾಯ್ತು' ಅಂತ ಬರೆದಾಗ ನನಗೆ ಸಿನಿಮಾ ಬಗ್ಗೆ ಅಷ್ಟಾಗಿ ಏನೂ ತಿಳಿಯಲ್ಲ, ಬರೆದವರ ವಯಸ್ಸು ಮಾತ್ರ ಅಂದಾಜು ಸಿಗುತ್ತೆ.

ದುಡ್ಡಿನ ಲೆಕ್ಕ ಬೇಕಾದರೆ ಅದೂ ಇದೆ. ಸುಮಾರು 1 ಕೋಟಿ 20 ಲಕ್ಷ ಡಾಲರ್ ಹಾಕಿದ್ದು, ಪ್ರಪಂಚದಾದ್ಯಂತ 11 ಕೋಟಿ ಡಾಲರ್‌ಗಿಂತ ಜಾಸ್ತಿ ಬಂತು. ನೀವು ವ್ಯಾಪಾರಸ್ಥರು, ಇದಾದಮೇಲೆ 2008, 2010, 2012, 2014ರಲ್ಲಿ ಸಾಲಾಗಿ ಇನ್ನೂ ನಾಲ್ಕು ಯಾಕೆ ಬಂದವು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕ್ಲಾಸಿನ ಜಗಳ ಹೇಳ್ತೀನಿ ಅಂದೆ. ಒಂದು ಬೇಸಿಗೆ ರಜೆಯಲ್ಲಿ, ಬಳ್ಳಾರಿ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಕುಣಿಸೋಕಾಗದೆ ಹುಡುಗರನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಪ್ರೊಜೆಕ್ಟರ್‌ನಲ್ಲಿ ಇದೇ ಸಿನಿಮಾ ಹಾಕಿದೆ. ಕೆಲವು ಮಕ್ಕಳ ತಾಯಂದಿರೂ ಬಂದಿದ್ದರು. ಒಗ್ಗರಣೆ ಮಿರ್ಚಿ ತರಿಸಿದ್ದೆ. ಮುಗಿಯೋಕೆ ಇನ್ನೇನು ಹತ್ತು ನಿಮಿಷ, ಹುಡುಗ ಸ್ಟೇಜಿಗೆ ಬರಬೇಕು, ಕರೆಂಟು ಹೋಯ್ತು. ಕತ್ತಲಲ್ಲಿ ಸುಮ್ನೆ ಕೂರಬೇಕಲ್ಲ, ಮುಂದೇನಾಗುತ್ತೆ ಹೇಳ್ರೋ ಅಂದೆ. ಎಲ್ಲರೂ ಹೇಳಿದರು. ಒಬ್ಬರೂ ತಪ್ಪಲಿಲ್ಲ. 'ಬರ್ತಾನ್ರಿ ಸರ, ಕುಣಿತಾನ, ಅಕಿ ಸಲುವಾಗಿ ಅದೇ ಸಾಲಿಗೆ ಸೇರ್ತಾನ' ಅಂತ ಕುರುಗೋಡಿನ ಒಬ್ಬ ಹುಡುಗ ಹೇಳಿ ಮುಗಿಸಿಯೇಬಿಟ್ಟ. ಸರಿ ಹಾಗಾದರೆ ಮನೆಗೆ ಹೋಗಿ, ಗೊತ್ತಾಯ್ತಲ್ಲ ಅಂದೆ.

ಯಾರೂ ಏಳಲಿಲ್ಲ.

ಅರ್ಧ ಗಂಟೆ ಆ ಸೆಕೆಯಲ್ಲಿ ರಟ್ಟಿನಿಂದ ಗಾಳಿ ಬೀಸಿಕೊಳ್ತಾ ಕೂತರು. ಕರೆಂಟು ಬಂದಾಗ ಕಿರುಚಾಡಿದರು, ಮುಗಿದಮೇಲೆ ಇಬ್ಬರು ಹುಡುಗಿಯರು ಬಂದು, ಸರ್ ಆ ಎತ್ತೋ ಜಾಗ ಇನ್ನೊಮ್ಮೆ ಹಾಕಿ, ಕೈ ಎಲ್ಲಿ ಹಿಡೀತಾನೆ ನೋಡಬೇಕು ಅಂದರು. ಮೂರು ಸಲ ಹಾಕಿದೆ.

ಆಮೇಲೆ ಎಲ್ಲರಿಗೂ ಚೀಟಿ ಕೊಟ್ಟು ಅನಿಸಿದ್ದು ಬರೀರಿ ಅಂದೆ, ಹೆಸರು ಬೇಡ. ಅಲ್ಲಿ ಶುರುವಾಯ್ತು ಜಗಳ. ಒಂದು ಚೀಟಿಯಲ್ಲಿ 'ಸ್ಟೋರಿ ಇಲ್ಲ, ಡ್ಯಾನ್ಸ್ ಇದೆ, ಸಾಕು'. ಇನ್ನೊಂದರಲ್ಲಿ 'ಆ ಚಿಕ್ಕ ಹುಡುಗನ್ನ ಯಾಕೆ ಸಾಯಿಸಿದರು, ನನಗೆ ಆಮೇಲೆ ಡ್ಯಾನ್ಸ್ ನೋಡೋಕೆ ಮನಸ್ಸೇ ಬರಲಿಲ್ಲ'. ಒಬ್ಬ 'ಹೀರೋ ನಗೋದೇ ಇಲ್ಲ, ಹಲ್ಲು ನೋವಿದ್ದಂಗ ಇದಾನ' ಅಂತ ಬರೆದಿದ್ದ, ಅದನ್ನ ಓದಿದಾಗ ಹುಡುಗಿಯರೆಲ್ಲ ಅವನ ಮೇಲೆ ಬಿದ್ದರು. ಒಬ್ಬ ತಾಯಿ ಬರೆದದ್ದು ನನಗೆ ಇವತ್ತಿಗೂ ನೆನಪಿದೆ. ಸಿನಿಮಾದಲ್ಲಿ ನೋರಾಳ ಅಪ್ಪ ತೀರಿಕೊಂಡಿದ್ದಾನೆ, ಅಮ್ಮನಿಗೆ ಮಗಳು ಡ್ಯಾನ್ಸ್ ಬಿಟ್ಟು ಒಳ್ಳೇ ಕಾಲೇಜು ಸೇರಲಿ ಅಂತ ಆಸೆ. ಈ ತಾಯಿ ಬರೆದಿದ್ದರು, 'ಎಲ್ಲರೂ ಹುಡುಗ ಹುಡುಗಿ ಬಗ್ಗೆ ಹೇಳ್ತೀರಿ, ಒಬ್ಬಳೇ ಸಾಕಿದ ಆ ತಾಯಿ ಕೊನೆಗೆ ಬಂದು ನೋಡ್ತಾಳಲ್ಲ, ನಾನು ಅಳ್ತಿದ್ದೆ, ಲೈಟ್ ಇರಲಿಲ್ಲ ಒಳ್ಳೇದಾಯ್ತು.' ಒಂದೇ ಸಿನಿಮಾ, ಒಂದೇ ಹಾಲು, ಅವರು ನೋಡಿದ ಕಥೆ ಬೇರೆಯೇ. ಅದನ್ನು ಊಹೆ ಮಾಡೋಕೆ ನನ್ನಿಂದಲೂ ಆಗಿರಲಿಲ್ಲ.

ಹಾಗಾಗಿ ಯಾರ ಮಾತು ನಂಬೋದು ಅಂದರೆ, ಬರೀ 'ಸೂಪರ್', ಬರೀ 'ವೇಸ್ಟ್' ಅಂದವರನ್ನು ಬಿಟ್ಟುಬಿಡಿ. ಯಾವ ಜಾಗ ಹಿಡಿಸಿತು, ಯಾವ ಜಾಗ ಕೈ ಕೊಟ್ಟಿತು ಅಂತ ಹೇಳಿದವರನ್ನ ಓದಿ, ಅವರು ನಿಮ್ಮ ವಿರುದ್ಧ ಇದ್ದರೂ ಪರವಾಗಿಲ್ಲ. ನಿಮ್ಮ ಮಗಳನ್ನೂ ಹಾಗೇ ಕೇಳಿ, ಯಾವ ಜಾಗ ಹಿಡಿಸ್ತಮ್ಮಾ ಅಂತ. ಇಷ್ಟೊತ್ತಿಗೆ ಮಾತು ಶುರುವಾಗಿರಬಹುದು, ಆಗಿಲ್ಲದಿದ್ದರೆ ಇದೊಂದು ದಾರಿ. ಎರಡನೇ ಭಾಗದಲ್ಲಿ ಕೊನೆಗೆ ಮಳೆಯಲ್ಲಿ ಕುಣೀತಾರೆ, ಚೆನ್ನಾಗಿದೆ, ಇಬ್ಬರೂ ಕೂತು ನೋಡಿ. ಬಾಯಿ ಮಾತ್ರ ಮುಚ್ಚಿಕೊಂಡಿರಿ.

ಡ್ಯಾನ್ಸ್ ಕ್ಲಾಸಿಗೆ ಸೇರಿಸಿ, ಹೆದರಬೇಡಿ. ಸಿನಿಮಾ ನೋಡಿ ಬಂದವರಲ್ಲಿ ಎಷ್ಟೋ ಜನ ಒಂದು ತಿಂಗಳಿಗೆ ಬಿಡ್ತಾರೆ, ಯಾಕಂದ್ರೆ ಸಿನಿಮಾದಲ್ಲಿ ತಾಲೀಮು ಒಂದು ಹಾಡಿನೊಳಗೆ ಮುಗಿಯುತ್ತೆ, ಇಲ್ಲಿ ಮೊದಲ ಹದಿನೈದು ದಿನ ಬರೀ ಮೈ ಬಗ್ಗಿಸೋದು, ಎಣಿಕೆ ಹಾಕೋದು, ಕಾಲು ನೋವು. ಉಳಿದುಕೊಂಡರೆ ಒಳ್ಳೇದು, ಬಿಟ್ಟರೂ ನಷ್ಟ ಇಲ್ಲ. ಫೀಸ್ ಕಟ್ಟೋ ಮುಂಚೆ ಒಂದು ಸಲ ನೀವೇ ಹೋಗಿ ನೆಲ ನೋಡಿ ಬನ್ನಿ. ಬಂಡೆ ಹಾಸಿನ ಮೇಲೋ ಟೈಲ್ಸ್ ಮೇಲೋ ದಿನಾ ಜಿಗಿಸಿದರೆ ಮೊಣಕಾಲು, ಮುಂಗಾಲು ಎರಡೂ ನೋವು ಹಿಡೀತವೆ, ಜಾರೋದು ಬೇರೆ. ನಮ್ಮ ಆಟದವರು ಹಲಗೆ ಹಾಸಿ ಅದರ ಮೇಲೆ ಕುಣಿಯೋದು ಸದ್ದಿಗೆ ಮಾತ್ರ ಅಂತ ಚಿಕ್ಕವನಿದ್ದಾಗ ಅನ್ಕೊಂಡಿದ್ದೆ, ಹಲಗೆ ಸ್ವಲ್ಪ ತಗ್ಗಿ ಏಳುತ್ತಲ್ಲ, ಅದು ಕಾಲಿಗೂ ಆಸರೆ ಅಂತ ಕಲಿಸೋಕೆ ಶುರು ಮಾಡಿದಮೇಲೆ ಗೊತ್ತಾಯ್ತು. ಮರದ ನೆಲ ನಮ್ಮ ಕಡೆ ಸಿಗೋದು ಕಷ್ಟ, ಕೊನೇ ಪಕ್ಷ ದಪ್ಪ ರಬ್ಬರ್ ಮ್ಯಾಟ್ ಆದರೂ ಹಾಸಿರಬೇಕು. ಮೊದಲ ವಾರವೇ ಎತ್ತಿ ಎಸೆಯೋ ಸ್ಟಂಟ್ ಮಾಡಿಸ್ತೀವಿ ಅಂದರೆ ಅಲ್ಲಿಂದ ಮಗಳನ್ನ ಕರಕೊಂಡು ಬಂದುಬಿಡಿ, ಬೇರೆ ಕ್ಲಾಸ್ ಹುಡುಕಿ.